ಪಿಂಗ್ ಹೋಗುತ್ತೆ, ಕಂಟ್ರೋಲ್ ಚಾನೆಲ್ ಮಾತ್ರ ಏಳ್ತಿಲ್ಲ: ಬೀದರ್–ಹುಮನಾಬಾದ್ ಲಿಂಕ್ ಬಗ್ಗೆ ಅನುಭವ ಇದ್ದರೆ ಹೇಳಿ

ಬೀದರ್‌ನಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಟೆಲಿಕಾಂ ಟ್ರಾನ್ಸ್‌ಮಿಷನ್ ಕೆಲಸಕ್ಕೆ ಸೇರಿ ನನಗೆ ನಾಲ್ಕೇ ತಿಂಗಳು. ಕಲಬುರಗಿ, ಹುಮನಾಬಾದ್, ಬೀದರ್, ಮೂರೂ ಕಡೆ ನಮ್ಮ ಡಿಡಬ್ಲ್ಯುಡಿಎಂ (ಒಂದೇ ಫೈಬರ್‌ನಲ್ಲಿ ಹಲವು ತರಂಗದ ಬೆಳಕು ಕಳಿಸುವ) ನೋಡ್‌ಗಳಿವೆ. ಕಲಬುರಗಿ–ಹುಮನಾಬಾದ್ ಕಂಟ್ರೋಲ್ ಚಾನೆಲ್, ಅಂದರೆ ನೋಡ್‌ಗಳು ತಮ್ಮತಮ್ಮಲ್ಲೇ ಮಾತಾಡುವ ದಾರಿ, ಸರಿಯಾಗಿದೆ. ಹುಮನಾಬಾದ್–ಬೀದರ್ ಮಾತ್ರ ಏಳ್ತಾನೇ ಇಲ್ಲ. ಆ ದಾರಿ ನೋಡಿಕೊಳ್ಳುವ ಎಲ್‌ಎಂಪಿ (ಲಿಂಕ್ ಮ್ಯಾನೇಜ್‌ಮೆಂಟ್ ಪ್ರೋಟೋಕಾಲ್) ಸ್ಟೇಟಸ್ ಎರಡೂ ಕಡೆ ‘ಕಾನ್ಫಿಗ್ ಸೆಂಡ್’ ಅಂತಲೇ ನಿಂತಿದೆ. ಪಿಂಗ್ (ಆ ಕಡೆಯ ಬಾಕ್ಸ್ ಉತ್ತರ ಕೊಡುತ್ತಾ ಅಂತ ನೋಡೋ ಪರೀಕ್ಷೆ) ಆರಾಮಾಗಿ ಹೋಗುತ್ತೆ, ಟ್ರಾಫಿಕ್ ಕೂಡ ನಡೀತಿದೆ. ಏನಾದರೂ ಮುಟ್ಟಿ ಅದೂ ಬಿದ್ದರೆ ಅಂತ ಭಯ. ನಿಮಗೆ ಹೀಗೆ ಆಗಿದ್ದರೆ ಎಲ್ಲಿಂದ ಶುರು ಮಾಡಿದಿರಿ?

ಕಲಬುರಗಿಯಿಂದ

ಮೊದಲು ಭಯ ಬಿಡಿ. ಎಲ್‌ಎಂಪಿಯ ಕಂಟ್ರೋಲ್ ಚಾನೆಲ್ ಬೇರೆ, ಡೇಟಾ ಹೋಗುವ ತರಂಗಗಳು ಬೇರೆ. ಕಂಟ್ರೋಲ್ ಚಾನೆಲ್ ಸತ್ತರೂ ಹಾಕಿದ ಸರ್ಕ್ಯೂಟ್ ಓಡ್ತಾನೇ ಇರುತ್ತೆ. ಹೊಸ ದಾರಿ ಕೇಳೋದು, ಲಿಂಕ್ ಗುರುತು ಹಚ್ಚೋದು, ಕೆಟ್ಟ ಜಾಗ ಹುಡುಕೋದು, ಇವು ನಿಲ್ಲುತ್ತವೆ ಅಷ್ಟೇ. ಅದಕ್ಕೇ ಎಷ್ಟೋ ಕಡೆ ತಿಂಗಳುಗಟ್ಟಲೆ ಯಾರಿಗೂ ಗೊತ್ತೇ ಆಗಲ್ಲ.

ಎಲ್‌ಎಂಪಿ ಕೆಲಸ ಸಣ್ಣದು. ಒಂದು ನೋಡ್ ಕಾನ್ಫಿಗ್ ಮೆಸೇಜ್ ಕಳಿಸುತ್ತೆ. ಅದರಲ್ಲಿ ತನ್ನ ಚಾನೆಲ್ ಐಡಿ, ನೋಡ್ ಐಡಿ, ಹೆಲೋ ಟೈಮರ್‌ಗಳು (ಎಷ್ಟು ಹೊತ್ತಿಗೊಮ್ಮೆ ಹೆಲೋ ಕಳಿಸಬೇಕು, ಎಷ್ಟು ಹೊತ್ತು ಬರದಿದ್ದರೆ ಡೆಡ್ ಅನ್ನಬೇಕು) ಇರುತ್ತವೆ. ಆ ಕಡೆಯವರು ಒಪ್ಪಿದರೆ ಆಕ್, ಒಪ್ಪದಿದ್ದರೆ ನ್ಯಾಕ್. ಇಬ್ಬರೂ ಒಂದೇ ಹೊತ್ತಿಗೆ ಕಳಿಸಿದರೆ ನೋಡ್ ಐಡಿ ದೊಡ್ಡದಿರುವವರ ಮಾತು ನಡೀಬೇಕು, ಚಿಕ್ಕವರು ಸುಮ್ನಿರಬೇಕು.

ನಾನು ಎಡವಿದ್ದು ಇಲ್ಲೇ. ಒಂದು ಬೇಸಿಗೆಯಲ್ಲಿ ಒಂದು ಕಡೆ ಕಂಟ್ರೋಲರ್ ಕಾರ್ಡ್ ಸುಟ್ಟಿತು. ಅವಸರದಲ್ಲಿ ಪಕ್ಕದ ನೋಡ್‌ನ ಬ್ಯಾಕಪ್ ಹಾಕಿ, ಐಪಿ ಮಾತ್ರ ಬದಲಾಯಿಸಿ ಮನೆಗೆ ಹೋದೆ. ನೋಡ್ ಐಡಿ ಹಳೆಯದೇ ಉಳಿದಿತ್ತು! ಇಬ್ಬರದೂ ಒಂದೇ ಐಡಿ ಆದರೆ ದೊಡ್ಡವರ್‍ಯಾರು, ಚಿಕ್ಕವರ್‍ಯಾರು? ಇಬ್ಬರೂ ಕಾನ್ಫಿಗ್ ಕಳಿಸ್ತಾನೇ ಇದ್ದರು. ನಿಮ್ಮ ಹಾಗೆಯೇ ಎರಡೂ ಕಡೆ ‘ಕಾನ್ಫಿಗ್ ಸೆಂಡ್’. ಎರಡು ದಿನ ಫೈಬರ್‌ಗೆ ಬೈದೆ. ಓಟಿಡಿಆರ್ (ಫೈಬರ್ ಎಲ್ಲಿ ಕೆಟ್ಟಿದೆ ಅಂತ ತೋರಿಸೋ ಯಂತ್ರ) ಹಿಡ್ಕೊಂಡು ಬಿಸಿಲಲ್ಲಿ ತಿರುಗಿದೆ. ಕೊನೆಗೆ ಎರಡೂ ಕಾನ್ಫಿಗ್ ಫೈಲ್ ಅಕ್ಕಪಕ್ಕ ಪ್ರಿಂಟ್ ಹಾಕಿ, ಪೆನ್ನಿನಿಂದ ಸಾಲು ಸಾಲು ಹೊಡೀತಾ ಬಂದಾಗ ಕಂಡಿತು. ಮೊದಲು ಅದನ್ನೇ ನೋಡಿ, ಹತ್ತು ನಿಮಿಷದ ಕೆಲಸ. ಜೊತೆಗೆ ಎಲ್‌ಎಂಪಿ ಯುಡಿಪಿ 701ನೇ ಪೋರ್ಟ್‌ನಲ್ಲಿ ಹೋಗುತ್ತೆ. ನಡುವೆ ಫೈರ್‌ವಾಲ್ ಇದ್ದರೆ ಪಿಂಗ್ ದಾಟಿದರೂ ಅದು ದಾಟದೇ ಇರಬಹುದು.

ಯಾದಗಿರಿಯಿಂದ

ಒಂದೇ ಮಾತು ಕೇಳ್ತೀನಿ ರೀ. ಪಿಂಗ್ ಉತ್ತರದಲ್ಲಿ ಟಿಟಿಎಲ್ (ದಾರಿಯ ಪ್ರತಿ ರೂಟರ್‌ನಲ್ಲೂ ಒಂದೊಂದು ಇಳಿಯುವ ಸಂಖ್ಯೆ) ಎಷ್ಟು ಬರ್ತಿದೆ? ನೇರ ಪಕ್ಕದ ನೋಡ್ 64ರಿಂದ ಶುರು ಮಾಡುವ ಬಾಕ್ಸ್ ಆದರೆ 64 ಬರಬೇಕು. ಕಡಿಮೆ ಬಂದರೆ ನಿಮ್ಮ ಪಿಂಗ್ ಫೈಬರ್ ಮೇಲೆ ಹೋಗ್ತಾನೇ ಇಲ್ಲ, ಎಲ್ಲೋ ಸುತ್ತಿ ಬರ್ತಿದೆ.

ಬೀದರ್‌ನಿಂದ

ಸರ್, ನೋಡ್ ಐಡಿ ಬೇರೆ ಬೇರೆಯೇ ಇವೆ. ಟಿಟಿಎಲ್ 61! ಟ್ರೇಸ್ ಹಾಕಿದೆ. ಬೀದರ್ ಆಫೀಸಿನ ಲ್ಯಾನ್‌ನಿಂದ ಹೊರಟು, ಕಲಬುರಗಿ ಆಫೀಸಿಗೆ ಹೋಗಿ, ಅಲ್ಲಿಂದ ಹುಮನಾಬಾದ್‌ಗೆ ಬರ್ತಿದೆ. ಬೀದರ್‌ನಿಂದ ಹುಮನಾಬಾದ್ ಸುಮಾರು 50 ಕಿ.ಮೀ. ನನ್ನ ಪಿಂಗ್ ಹುಮನಾಬಾದ್ ದಾಟಿ ಕಲಬುರಗಿ ನೋಡಿ ವಾಪಸ್ ಬಂದಿದೆ. ಕಂಟ್ರೋಲ್ ಚಾನೆಲ್ ಅನ್ನು ಓಎಸ್‌ಸಿ (ಅದೇ ಫೈಬರ್‌ನಲ್ಲಿ ನೋಡ್‌ಗಳ ಮಾತಿಗೇ ಇಟ್ಟ ಪ್ರತ್ಯೇಕ ಬೆಳಕು) ಇಂಟರ್‌ಫೇಸ್‌ಗೇ ಕಟ್ಟಿದ್ದೇವೆ.

ಯಾದಗಿರಿಯಿಂದ

ಹಂಗಾದ್ರೆ ಎಲ್‌ಎಂಪಿ ಮರೆತುಬಿಡಿ, ಓಎಸ್‌ಸಿ ಬೆಳಕು ನೋಡಿ. ಓಎಸ್‌ಸಿ ಸಾಮಾನ್ಯವಾಗಿ 1510 ನ್ಯಾನೋಮೀಟರ್. ಆಂಪ್ಲಿಫೈಯರ್ ಬಲ ಕೊಡೋದು 1530ರಿಂದ 1565ರ ತರಂಗಗಳಿಗೆ. ಓಎಸ್‌ಸಿ ಅದರ ಹೊರಗಿದೆ. ಆಂಪ್ಲಿಫೈಯರ್‌ಗೆ ಮುಂಚೆ ಇಳಿಸಿ, ಆದ ಮೇಲೆ ಮತ್ತೆ ಸೇರಿಸ್ತಾರೆ. ಹಾಗಾಗಿ ಆ 50 ಕಿ.ಮೀ. ಪೂರ್ತಿ ಅದು ತನ್ನ ಕಾಲ ಮೇಲೆಯೇ ನಡೀಬೇಕು. ಒಂದು ಕೊಳಕು ಕನೆಕ್ಟರ್ ಸಾಕು. ಓಎಸ್‌ಸಿ ಪೋರ್ಟ್‌ನ ಆರ್‌ಎಕ್ಸ್ (ಒಳಬರುವ ಬೆಳಕಿನ) ಪವರ್ ಎರಡೂ ಕಡೆ ಓದಿ. ಮೇನ್ ಲೈನ್ ಫೈಬರ್ ಮಾತ್ರ ಕೀಳಬೇಡಿ: ಅದನ್ನು ಕಿತ್ತರೆ ಟ್ರಾಫಿಕ್ ಬೀಳುತ್ತೆ, ಲೇಸರ್ ಕಣ್ಣಿಗೂ ಅಪಾಯ. ಮುಟ್ಟೋದು ಓಎಸ್‌ಸಿ ಜಂಪರ್ (ಪೋರ್ಟ್‌ಗೆ ಹಾಕುವ ಗಿಡ್ಡ ಫೈಬರ್) ಮಾತ್ರ, ಅದೂ ಕ್ಲೀನ್ ಮಾಡೋ ಪೆನ್ ಕೈಲಿ ಇಟ್ಕೊಂಡು.

ಸೇಡಂನಿಂದ, ಸ್ವಲ್ಪ ಬೇರೆ ಮಾತು

ಓಎಸ್‌ಸಿ ಇಲ್ಲದ ಹಳೆ ಎಸ್‌ಡಿಎಚ್ ಲಿಂಕ್‌ನಲ್ಲಿ ಡಿಸಿಸಿ (ಟ್ರಾಫಿಕ್ ಜೊತೆಗೇ ನೋಡ್‌ಗಳ ಮಾತಿಗೆ ಮೀಸಲಿಟ್ಟ ಬೈಟ್‌ಗಳು) ಮೇಲೆ ಕಂಟ್ರೋಲ್ ಚಾನೆಲ್ ನಡೆಸೋರು ಹುಷಾರು. ಡಿ1ರಿಂದ ಡಿ3 ಬೈಟ್‌ಗಳು ಸೇರಿ ಸೆಕೆಂಡಿಗೆ 192 ಕಿಲೋಬಿಟ್ ಅಷ್ಟೇ. ಒಬ್ಬ ಹುಡುಗ ಅದರ ಮೇಲೆ 200 ಎಂಬಿ ಸಾಫ್ಟ್‌ವೇರ್ ತಳ್ಳಿದ. ಲೆಕ್ಕ ಹಾಕಿ, ಎರಡು ತಾಸಿಗಿಂತ ಜಾಸ್ತಿ. ಅಷ್ಟು ಹೊತ್ತೂ ಕಂಟ್ರೋಲ್ ಚಾನೆಲ್ ಏಳೋದು, ಬೀಳೋದು. ಯಾಕೆಂದರೆ ಹೆಲೋ 150 ಮಿಲಿಸೆಕೆಂಡ್, ಡೆಡ್ 500 ಅಂತ ಮಾಮೂಲಿ ಟೈಮರ್ ಹಾಗೇ ಇತ್ತು. ದೊಡ್ಡ ಫೈಲಿನ ಹಿಂದೆ ಹೆಲೋ ಸಾಲಲ್ಲಿ ನಿಂತು ಕಾಯ್ತಿತ್ತು. ಇಂಥ ಕಡೆ ಟೈಮರ್ ಹಿಗ್ಗಿಸಿ. ಡೆಡ್ ಹೆಲೋಗಿಂತ ಕನಿಷ್ಠ ಮೂರು ಪಟ್ಟು ಇರಲಿ. ಎರಡೂ ತುದಿಯಲ್ಲಿ ಒಂದೇ ಹೊತ್ತಿಗೆ ಬದಲಾಯಿಸಿ, ಇಲ್ಲಾಂದ್ರೆ ನ್ಯಾಕ್ ಸುರಿಮಳೆ.

ಬೀದರ್‌ನಿಂದ, ಮಾರನೇ ದಿನ

ಸಿಕ್ಕಿತು! ಹುಮನಾಬಾದ್‌ನಲ್ಲಿ ಓಎಸ್‌ಸಿ ಜಂಪರ್ ಟಿಎಕ್ಸ್ (ಕಳಿಸುವ ಕಡೆ), ಆರ್‌ಎಕ್ಸ್ ಅದಲುಬದಲು. ಆರ್‌ಎಕ್ಸ್ ಪವರ್ ಎರಡೂ ಕಡೆ ಸೊನ್ನೆ ಅನ್ನೋ ಹಾಗಿತ್ತು. ಅಲಾರಂ ಯಾಕೆ ಬರಲಿಲ್ಲ ಅಂತೀರಾ? ಲಿಂಕ್ ಹಾಕಿದ ದಿನವೇ ಯಾರೋ ಅದನ್ನು ಮಾಸ್ಕ್ ಮಾಡಿ, ಅಂದರೆ ಕಾಣದ ಹಾಗೆ ಮುಚ್ಚಿ, ಇಟ್ಟಿದ್ದರು. ಜಂಪರ್ ತಿರುಗಿಸಿ, ತುದಿ ಒರೆಸಿ ಹಾಕಿದೆ. ಮಷಿನ್ ರೂಮಿನ ಎಸಿ ಸದ್ದಿನಲ್ಲಿ ಫೋನ್ ಕೇಳಿಸ್ತಿರಲಿಲ್ಲ. ಬೀದರ್‌ನಲ್ಲಿದ್ದ ಹಿರಿಯರು ‘ಅಪ್ ಆಯ್ತು’ ಅಂತ ಎರಡು ಸಲ ಕೂಗಬೇಕಾಯಿತು. ಟಿಟಿಎಲ್ ಈಗ 64. ಸೇಡಂನವರು ಹೇಳಿದ ಟೈಮರ್ ಇನ್ನೂ ಮುಟ್ಟಿಲ್ಲ, ವಾರ ನೋಡ್ತೀನಿ.

ಯಾದಗಿರಿಯಿಂದ

ಆ ಮಾಸ್ಕ್ ತೆಗೆದಿರಾ?

ಬೀದರ್‌ನಿಂದ

ಅಯ್ಯೋ, ಇಲ್ಲ ಸರ್. ಈಗಲೇ ಲಾಗಿನ್ ಆಗ್ತೀನಿ.