ಹಾರ್ಟ್ ಅಟ್ಯಾಕ್ ಆಗಿ ಮೂರು ವಾರ, ಇಎಫ್ 30: ಐಸಿಡಿ ಈಗಲೇ ಬೇಕಾ?

ಪ್ರಶ್ನೆ: ಅಪ್ಪನಿಗೆ 64. ಇಎಫ್ (ಪ್ರತಿ ಬಡಿತಕ್ಕೆ ಹೃದಯ ಹೊರದೂಡೋ ರಕ್ತದ ಶೇಕಡಾ ಪಾಲು) 30. ಆಂಟೀರಿಯರ್ ವಾಲ್ (ಹೃದಯದ ಮುಂಭಾಗದ ಗೋಡೆ) ಅಟ್ಯಾಕ್, ಎಲ್‌ಎಡಿಗೆ (ಅಲ್ಲಿಗೆ ರಕ್ತ ಒಯ್ಯೋ ನಾಳ) ಸ್ಟೆಂಟ್. ಹೋಲ್ಟರ್‌ನಲ್ಲಿ (ಮೈಗೆ ಕಟ್ಟಿ ದಿನವಿಡೀ ಇಸಿಜಿ ದಾಖಲಿಸೋ ಯಂತ್ರ) ಒಮ್ಮೆ ಆರು ಬೀಟ್ ವಿಟಿ (ಹೃದಯದ ಕೆಳಕೋಣೆಯ ಅತಿವೇಗದ ಬಡಿತ). ಒಬ್ಬ ಡಾಕ್ಟರ್ ಐಸಿಡಿ (ರಿದಮ್ ಕೆಟ್ಟರೆ ಶಾಕ್ ಕೊಟ್ಟು ಸರಿಪಡಿಸೋ, ಎದೆಯಲ್ಲಿ ಹುದುಗಿಸೋ ಯಂತ್ರ) ಈಗಲೇ ಅಂತಾರೆ, ಇನ್ನೊಬ್ಬರು ಕಾಯಿರಿ ಅಂತಾರೆ. ಅನುಭವ ಇದ್ದವರು ಹೇಳಿ.

ತುಂಗಾತೀರ: ಕಾಯಿರಿ. ಅಟ್ಯಾಕ್ ಆಗಿ 40 ದಿನ, ಸ್ಟೆಂಟ್ ಹಾಕಿದ್ದರೆ 90 ದಿನ. ಮರಗಟ್ಟಿದ ಸ್ನಾಯು ಚೇತರಿಸಿಕೊಂಡು ಇಎಫ್ 35 ದಾಟಿದರೆ ಸಾಮಾನ್ಯವಾಗಿ ಡಿವೈಸೇ ಬೇಡ. 2004ರ ಡಿನಾಮಿಟ್ ಅಧ್ಯಯನದಲ್ಲಿ ಬೇಗ ಹಾಕಿಸಿಕೊಂಡವರಿಗೆ ರಿದಮ್ ಕೆಟ್ಟು ಸಾಯೋದು ತಪ್ಪಿತು, ಒಟ್ಟು ಸಾವು ಮಾತ್ರ ಇಳಿಯಲಿಲ್ಲ. ನಾವು ಕಾದಿದ್ದಕ್ಕೆ ಇವತ್ತಿಗೂ ಪಶ್ಚಾತ್ತಾಪ ಇಲ್ಲ. ಕಾಯುವಾಗ ಮೆಟೊಪ್ರೊಲಾಲ್ (ಬಡಿತ ನಿಧಾನ ಮಾಡೋ ಮಾತ್ರೆ) ಒಂದು ಹೊತ್ತೂ ತಪ್ಪಬಾರದು. ರಕ್ತದಲ್ಲಿ ಪೊಟ್ಯಾಷಿಯಂ 4ರ ಮೇಲೆ, ಮೆಗ್ನೀಷಿಯಂ 2ರ ಮೇಲೆ ಇರಲಿ. ಭೇದಿ ಆದರೆ ಅವತ್ತೇ ಎಲೆಕ್ಟ್ರೊಲೈಟ್ಸ್ (ಈ ಲವಣಗಳ ರಕ್ತಪರೀಕ್ಷೆ) ಮಾಡಿಸಿ.

ಲೀಡ್‌ನೋವು: ಕಾಯಿರಿ ಅನ್ನೋದು ಬಾಯಿಗೆ ಸುಲಭ. ಮೊದಲ 48 ಗಂಟೆ ದಾಟಿದ ಮೇಲೆ ವಿಎಫ್ (ಕೆಳಕೋಣೆ ಸರಿಯಾಗಿ ಬಡಿಯದೆ ಬರೀ ನಡುಗೋದು) ಬಂದರೆ, ಅಥವಾ 30 ಸೆಕೆಂಡಿಗೂ ಹೆಚ್ಚು ವಿಟಿ ಬಿಡದೆ ನಡೆದರೆ, ಬೇರೆ ಸರಿಪಡಿಸಬಹುದಾದ ಕಾರಣ ಇಲ್ಲದಿದ್ದರೆ 40 ದಿನದ ಲೆಕ್ಕವೇ ಅನ್ವಯಿಸಲ್ಲ. ಹಾಕಿಸೋರು ಇದನ್ನೂ ಕೇಳ್ಕೊಳ್ಳಿ: ಕೊಟೇಶನ್‌ನಲ್ಲಿ ಡಿವೈಸ್ ಬೇರೆ, ಲೀಡ್ (ಹೃದಯಕ್ಕೆ ಇಳಿಸೋ ತಂತಿ) ಬೇರೆ, ಅದನ್ನ ಹಾಕೋ ಕ್ಯಾಥ್ ಲ್ಯಾಬ್ ಬೇರೆ. ಎಂಆರ್‌ಐ ಬೇಕಾದರೆ ಡಿವೈಸ್, ಲೀಡ್ ಎರಡೂ ಅದಕ್ಕೆ ಒಪ್ಪುವ ಜೋಡಿ ಆಗಿರಬೇಕು. ಸ್ಟೆಂಟಿಗೆ ಎರಡು ರಕ್ತ ತೆಳು ಮಾಡೋ ಮಾತ್ರೆ ನಡೀತಿರುತ್ತೆ, ಡಿವೈಸ್ ಇಡೋ ಚರ್ಮದಡಿಯ ಪಾಕೆಟ್‌ನಲ್ಲಿ ರಕ್ತ ಕಟ್ಟಬಹುದು. ಅದು ಸೋಂಕಿಗೆ ದಾರಿ. ಸೋಂಕಾದರೆ ಬ್ಯಾಟರಿ ಅಷ್ಟೇ ಅಲ್ಲ, ಲೀಡನ್ನೂ ಕೀಳಬೇಕು, ಎಲ್ಲ ಖರ್ಚೂ ಎರಡನೇ ಸಲ. ಪ್ರೋಗ್ರಾಮಿಂಗಲ್ಲಿ ಶಾಕ್ ಕೊಡೋ ಬಡಿತದ ಮಿತಿ ನಿಮಿಷಕ್ಕೆ 200ರ ಸುತ್ತ ಇಡಿಸಿ. 170ಕ್ಕೆ ಬಿಟ್ಟರೆ ಏಟ್ರಿಯಲ್ ಫಿಬ್ರಿಲೇಶನ್ (ಮೇಲುಕೋಣೆಯ ಅಡ್ಡಾದಿಡ್ಡಿ ಬಡಿತ) ಓಡಿದಾಗಲೂ ಎಚ್ಚರ ಇರೋ ಮನುಷ್ಯನಿಗೆ ಶಾಕ್.

ಮಾತ್ರೆಪರ: ಲಕ್ಷಗಟ್ಟಲೆ ಯಾಕ್ರೀ? ಅಮಿಯೋಡರೋನ್ (ರಿದಮ್ ಹಿಡಿತದಲ್ಲಿಡೋ ಮಾತ್ರೆ) ಮೊದಲ ಕೆಲವು ವಾರಗಳಿಗೆ ಹಂಚಿ ಒಟ್ಟು 10 ಗ್ರಾಂ ಲೋಡಿಂಗ್, ಆಮೇಲೆ ದಿನಕ್ಕೆ 200 ಮಿಗ್ರಾಂ. ವಿಟಿ ಗಪ್‌ಚಿಪ್.

ಲೀಡ್‌ನೋವು: ವಿಟಿ ಗಪ್‌ಚಿಪ್, ಆಯಸ್ಸು ಮಾತ್ರ ಇದ್ದಷ್ಟೇ! 2005ರ ಎಸ್‌ಸಿಡಿ ಹೆಫ್ಟ್ ಅಧ್ಯಯನದಲ್ಲಿ ಸಾವು ಇಳಿಸಿದ್ದು ಐಸಿಡಿ, ನಿಮ್ಮ ಮಾತ್ರೆಯಲ್ಲ. ಆರು ತಿಂಗಳಿಗೊಮ್ಮೆ ಟಿಎಸ್‌ಎಚ್, ಲಿವರ್ ಟೆಸ್ಟ್, ವರ್ಷಕ್ಕೊಂದು ಎದೆ ಎಕ್ಸ್‌ರೇ, ಇದನ್ನು ಹೇಳಲೇ ಇಲ್ಲ. ಅಸಿಟ್ರಾಮ್ (ರಕ್ತ ಹೆಪ್ಪುಗಟ್ಟದಂತೆ ತಡೆಯೋ ಮಾತ್ರೆ) ನಡೀತಿದ್ದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟೋ ಸಮಯದ ಅಳತೆ) ಮೇಲಕ್ಕೆ ಹಾರುತ್ತೆ.

ಮಾತ್ರೆಪರ: ಶಾಕ್ ಮೇಲೆ ಶಾಕ್ ಬಿದ್ದಾಗ ಐಸಿಡಿ ಇದ್ದವರಿಗೂ ಕೊಡೋದು ಇದೇ ಮಾತ್ರೆ, ಸ್ವಾಮಿ.

ಲಬ್‌ಡಬ್: ಜಗಳ ಬಿಡಿ. ಐಸಿಡಿ ಹಾಕಿಸಿದ ಮೇಲೆ ಫೋನ್ ಎಡಜೇಬಿನಲ್ಲಿ ಬೇಡ, 15 ಸೆಂ.ಮೀ. ದೂರ. ಮ್ಯಾಗ್ನೆಟ್ ಹತ್ತಿರ ಬಂದರೆ ಪೇಸಿಂಗೇ (ಡಿವೈಸ್ ಹೃದಯವನ್ನ ಬಡಿಸೋದು) ನಿಂತುಹೋಗುತ್ತೆ.

ತುಂಗಾತೀರ: ತಪ್ಪು. ಐಸಿಡಿ ಮೇಲೆ ಮ್ಯಾಗ್ನೆಟ್ ಇಟ್ಟರೆ ಸಾಮಾನ್ಯವಾಗಿ ತಡೆಯೋದು ಶಾಕನ್ನ, ಪೇಸಿಂಗ್ ನಡೀತಾ ಇರುತ್ತೆ. ಗೊತ್ತಿಲ್ಲದೆ ಜನರನ್ನ ಹೆದರಿಸಬೇಡಿ.

ಲಬ್‌ಡಬ್: ನಮ್ಮ ಡಿವೈಸ್ ಟೆಕ್ನೀಷಿಯನ್ ಹೇಳಿದ್ದೇ ಇದು. ಅವರಿಗಿಂತ ನಿಮಗೆ ಜಾಸ್ತಿ ಗೊತ್ತಾ?

ತುಂಗಾತೀರ: ಅವರು ಪೇಸ್‌ಮೇಕರ್ ಬಗ್ಗೆ ಹೇಳಿರಬೇಕು. ಅಲ್ಲೂ ನಿಲ್ಲಲ್ಲ, ಒಂದೇ ವೇಗದಲ್ಲಿ ಪೇಸ್ ಮಾಡ್ತಾ ಹೋಗುತ್ತೆ.

ಪ್ರಶ್ನೆ ಕೇಳಿದವರು: ರಿಪೋರ್ಟ್ ಹುಡುಕಿದೆ. ಪೊಟ್ಯಾಷಿಯಂ 3.3. ಎಳನೀರು ಕೊಟ್ಟರೆ ಸಾಕಾ?

ಮಾತ್ರೆಪರ: ಸಾಲದು, ಈಗಲೇ ಡಾಕ್ಟರಿಗೆ ಫೋನ್ ಮಾಡಿ. ಪೊಟ್ಯಾಷಿಯಂ ಸಿರಪ್ಪನ್ನು ನೀವೇ ಶುರು ಮಾಡಬೇಡಿ. ರಾಮಿಪ್ರಿಲ್ ಜೊತೆ ಸ್ಪೈರೊನೊಲ್ಯಾಕ್ಟೋನ್ (ಎರಡೂ ಪೊಟ್ಯಾಷಿಯಂ ಏರಿಸೋ ಮಾತ್ರೆ) ಇದ್ದರೆ ಅದು 6 ದಾಟಿ ಬೇರೆ ಅನಾಹುತ ಆಗಬಹುದು.

ಲೀಡ್‌ನೋವು: ಇದೊಂದು ಮಾತ್ರ ಸರಿಯಾಗಿ ಹೇಳಿದಿರಿ.