ಊರ ಫಂಡಿನ 2,86,000 ರೂಪಾಯಿ: ಸ್ವಾಗತ ದ್ವಾರವಾ, ತೋಡಿಗೆ ಕಟ್ಟವಾ?

ತೋಡಿನಕರೆ, ಪೆರ್ಲದ ಹತ್ತಿರ

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ ನಮ್ಮದೊಂದು ಸಣ್ಣ ಪೇಟೆ. ನನಗೆ ಎರಡು ಎಕರೆ ಅಡಕೆ ತೋಟ, ಒಂದು ದಿನಸಿ ಅಂಗಡಿ. ಮೂರು ವರ್ಷದಿಂದ ಊರ ಸಮಿತಿಯ ಖಜಾಂಚಿ. ಈ ವರ್ಷ ಯಕ್ಷಗಾನ ಆಟ, ಕ್ರೀಡೋತ್ಸವ ಎಲ್ಲದರ ಖರ್ಚು ಕಳೆದು 2,86,000 ರೂಪಾಯಿ ಉಳಿದಿದೆ. ಇಷ್ಟು ಹಣ ಹಿಂದೆ ಯಾವತ್ತೂ ಉಳಿದಿರಲಿಲ್ಲ.

ಪೇಟೆಯ ಬಾಯಲ್ಲಿ ಸ್ವಾಗತ ದ್ವಾರ ಆಗಲಿ ಅಂತ ಹುಡುಗರು ಹೇಳುತ್ತಾರೆ. ಊರ ಹೆಸರು ಕನ್ನಡದಲ್ಲಿ ದೊಡ್ಡದಾಗಿ ಕಾಣಬೇಕಂತೆ. ಗಡಿಯಲ್ಲಿರುವ ನಮಗೆ ಅದು ಸಣ್ಣ ವಿಷಯವಲ್ಲ. ಅವರ ಆಸೆ ತಪ್ಪು ಅಂತ ನಾನು ಹೇಳಲಾರೆ.

ಆದರೆ ನನ್ನ ಮನಸ್ಸು ನಮ್ಮ ತೋಡಿನ (ಸಣ್ಣ ಹಳ್ಳದ) ಕಡೆಗಿದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುತ್ತದೆ. ಆದರೂ ಮಾರ್ಚ್ ಬಂದರೆ ಬಾವಿಗೆ ಇಳಿಸಿದ ಕೊಡಪಾನ ಕಲ್ಲಿಗೆ ತಾಗುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡೆ, ಇಳಿಜಾರು. ನೀರು ನಿಲ್ಲುವುದೇ ಇಲ್ಲ, ನೇರ ಸಮುದ್ರಕ್ಕೆ ಓಡುತ್ತದೆ. ಅಜ್ಜನ ಕಾಲದಲ್ಲಿ ನಮ್ಮ ತೋಡಿಗೆ ಐದು ಕಟ್ಟ, ಅಂದರೆ ಬೇಸಗೆಗೆ ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು, ಇತ್ತು. ಡಿಸೆಂಬರಿನಲ್ಲಿ ಹರಿವು ಇಳಿದ ಕೂಡಲೇ ಕಲ್ಲು, ಮಣ್ಣು, ಅಡಕೆ ಮರದ ತುಂಡು ಹಾಕಿ ಕಟ್ಟುತ್ತಿದ್ದರು. ತೋಟ ಎಷ್ಟೋ ಆಳು ಅಷ್ಟು, ಅದು ಲೆಕ್ಕ. ಬೋರ್‌ವೆಲ್ ಬಂದ ಮೇಲೆ ಒಬ್ಬೊಬ್ಬರಾಗಿ ಕೈಬಿಟ್ಟರು. ನಮ್ಮ ಹತ್ತಿರದ ಊರು ಏತಡ್ಕದ ಕಟ್ಟಗಳ ಬಗ್ಗೆ ನೀವೆಲ್ಲ ಕೇಳಿರುತ್ತೀರಿ. ನಮ್ಮಲ್ಲಿ ಈಗ ಒಂದೂ ಇಲ್ಲ.

ಮೀಟಿಂಗಿನಲ್ಲಿ ನಾನು ಇದನ್ನು ಹೇಳಿದಾಗ ಗುಡ್ಡೆಯ ಮೇಲಿನ ಮನೆಯ ಅಕ್ಕ ಒಬ್ಬರು ಎದ್ದು ನಿಂತರು. "ಕಟ್ಟದ ನೀರು ತೋಟ ಇದ್ದವರಿಗೆ. ನನಗೆ ತೋಟ ಇಲ್ಲ. ನಾನು ಕೊಟ್ಟದ್ದು ಆಟಕ್ಕೆ," ಅಂದರು. ಅವರು ಕೊಟ್ಟ 200 ರೂಪಾಯಿ ಬೀಡಿ ಕಟ್ಟಿ ಗಳಿಸಿದ್ದು. ನನಗೆ ಉತ್ತರ ಹೊಳೆಯಲಿಲ್ಲ. ನನಗೂ ತೋಟ ಇದೆ ಅಲ್ವಾ? ಆ ರಾತ್ರಿ ನಿದ್ರೆ ಬರಲಿಲ್ಲ.

ನೀವಾದರೆ ಏನು ಮಾಡುತ್ತಿದ್ದಿರಿ? ಮತ್ತೆ, ವರ್ಷ ವರ್ಷ ಹಣ ಎತ್ತುವುದು ಹೇಗೆ? ಕೂಪನ್ ಮಾಡಿ ಲಕ್ಕಿ ಡ್ರಾ ಇಡೋಣ, ಬೈಕ್ ಬಹುಮಾನ ಕೊಡೋಣ ಅನ್ನುವವರೂ ಇದ್ದಾರೆ.

ಬದಿಯಡ್ಕದ ಮಾಷ್ಟ್ರು

ಆ ಅಕ್ಕ ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡದೆ ಒಂದು ರೂಪಾಯಿಯನ್ನೂ ಮುಟ್ಟಬೇಡಿ.

ಪಂಚಾಯತಿನ ದುಡ್ಡಿನಿಂದ ಆಗುವ ಕೆಲಸಕ್ಕೆ ಊರ ದುಡ್ಡು ಹಾಕಬಾರದು, ಇದು ನನ್ನ ಅಭಿಪ್ರಾಯ. ಕೇರಳದಲ್ಲಿ ಒಂದೊಂದು ವಾರ್ಡೂ ಒಂದು ಗ್ರಾಮಸಭೆ. ಮೂರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು, ಮತದಾರರಲ್ಲಿ ನೂರಕ್ಕೆ ಹತ್ತು ಜನ ಇರಬೇಕು. 1996ರಲ್ಲಿ ಜನಕೀಯ ಯೋಜನೆ (ಊರಿನ ಕೆಲಸಗಳನ್ನು ಜನರೇ ಸೇರಿ ಯೋಜಿಸುವ ಕ್ರಮ) ಶುರುವಾದ ಮೇಲೆ ರಸ್ತೆ, ಚರಂಡಿ, ಕಿಂಡಿ ಅಣೆಕಟ್ಟು ಎಲ್ಲವನ್ನೂ ಅಲ್ಲೇ ಕೇಳಬಹುದು. ನಮ್ಮವರು ಹೋಗುವುದಿಲ್ಲ, ಅದು ದೊಡ್ಡ ನಷ್ಟ. ಹೋಗಿ, ಕನ್ನಡದಲ್ಲೇ ಬರೆದು ಕೊಡಿ.

ಮಣ್ಣಿನ ಕಟ್ಟದ ಮಾತು ಬೇರೆ. ಎಸ್ಟಿಮೇಟು, ಟೆಂಡರು ಮುಗಿಯುವಾಗ ಮಾರ್ಚ್ ಬಂದಿರುತ್ತದೆ. ಕಟ್ಟ ಹಾಕಬೇಕಾದದ್ದು ಡಿಸೆಂಬರಿನ ಆ ಎರಡು ವಾರದಲ್ಲಿ. ಮೊದಲ ಜೋರು ಮಳೆಗೆ ಅದು ಹೋಗುತ್ತದೆ, ಮುಂದಿನ ವರ್ಷ ಮತ್ತೆ ಹಾಕಬೇಕು. ಅಂಥ ಕೆಲಸಕ್ಕೆ ಕೈಯಲ್ಲೇ ಇರುವ ಊರ ಫಂಡ್ ಬೇಕು.

ತೋಟದವರು ಹಿಂದಿನ ಹಾಗೆ ಎಕರೆ ಲೆಕ್ಕದಲ್ಲಿ ಆಳು ಕೊಡಲಿ. ಫಂಡಿನಿಂದ ಟಾರ್ಪಾಲು, ಗೋಣಿ, ಕಲ್ಲು ಸಾಗಿಸುವ ಪಿಕಪ್ ಬಾಡಿಗೆ, ಇಷ್ಟೇ ಸಾಕು. ಈ ವರ್ಷ ಒಂದೇ ಕಟ್ಟ ಹಾಕಿ. ತೋಟ ಇಲ್ಲದವರು ನೀರು ಸೇದುವ ಬಾವಿ ತೋಡಿಗೆ ಎಲ್ಲಿ ಹತ್ತಿರವೋ, ಅಲ್ಲಿ. ಈಗಲೇ ಆ ಬಾವಿಯ ನೀರನ್ನು ಹಗ್ಗ ಬಿಟ್ಟು ಅಳೆದು ಬರೆದಿಡಿ. ಏಪ್ರಿಲಿನಲ್ಲಿ ಅದೇ ಅಕ್ಕನ ಕೈಯಿಂದ ಮತ್ತೊಮ್ಮೆ ಅಳೆಸಿ.

ಸೀತಾಂಗೋಳಿ ಟು ದುಬೈ

ಅಣ್ಣಾ, ಇಲ್ಲಿರುವ ನಾವು ಕೊಡಲು ರೆಡಿ. ಭಾರತದ ಪಾಸ್‌ಪೋರ್ಟ್ ಇದ್ದವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪಾಸ್‌ಪೋರ್ಟ್ ತೆಗೆದುಕೊಂಡವರ ಹಣ ಮಾತ್ರ ಮುಟ್ಟಬೇಡಿ, ಅದಕ್ಕೆ ಬೇರೆ ಕಾನೂನು. ಖಾತೆ ಸಮಿತಿಯ ಹೆಸರಲ್ಲೇ ಇರಲಿ. ಒಮ್ಮೆ ನಾವು ಹನ್ನೊಂದು ಜನ ಸೇರಿ ಒಂದು ಬಸ್ ಶೆಲ್ಟರಿಗೆ ಕೊಟ್ಟಿದ್ದೆವು. ಕೊಟ್ಟದ್ದು ಒಬ್ಬರ ಸ್ವಂತ ಖಾತೆಗೆ. ಶೆಲ್ಟರೂ ಇಲ್ಲ, ಲೆಕ್ಕವೂ ಇಲ್ಲ. ಆ ನೋವು ಇನ್ನೂ ಹೋಗಿಲ್ಲ.

ಮುಳ್ಳೇರಿಯಾ ಅಕ್ಕ

ಲಕ್ಕಿ ಡ್ರಾ ಬೇಡವೇ ಬೇಡ. ಕೇರಳದಲ್ಲಿ ಲಾಟರಿ ಸರ್ಕಾರದ್ದು, 1967ರಿಂದ ನಡೆಯುತ್ತಿದೆ. ಊರವರು ಟಿಕೆಟು ಮಾರಿ ಡ್ರಾ ಇಟ್ಟರೆ ಕೇಸಾಗುತ್ತದೆ. ಎಲ್ಲೆಲ್ಲೂ ನಡೆಯುತ್ತದೆ ಅನ್ನುವುದು ಉತ್ತರವಲ್ಲ.

ನಾನು ಕುಡುಂಬಶ್ರೀಯಲ್ಲಿ, ಅಂದರೆ ಕೇರಳದ ಹೆಂಗಸರ ಸ್ವಸಹಾಯ ಸಂಘದಲ್ಲಿ, ಹದಿನಾಲ್ಕು ವರ್ಷದಿಂದ ಇದ್ದೇನೆ. ನಮ್ಮದು ವಾರಕ್ಕೆ 20 ರೂಪಾಯಿ ಉಳಿತಾಯ. ಪ್ರತಿ ವಾರ ಯಾರದ್ದಾದರೂ ಮನೆಯ ಜಗಲಿಯಲ್ಲಿ ಕೂತು ಲೆಕ್ಕವನ್ನು ಗಟ್ಟಿಯಾಗಿ ಓದುತ್ತೇವೆ. ಓದು ಬಾರದ ಅಮ್ಮಂದಿರಿಗೂ ತಮ್ಮ ದುಡ್ಡು ಎಷ್ಟಿದೆ ಅಂತ ಗೊತ್ತು. ನೀವೂ ಮನೆಗೆ ತಿಂಗಳಿಗೆ 30 ಅಥವಾ 50 ಅಂತ ಇಡಿ, ರಶೀದಿ ಕೊಡಿ. ಹಬ್ಬದ ಮುಂಚೆ ಒಮ್ಮೆಗೇ 1,000 ಕೇಳಿದರೆ ಬಡವರಿಗೆ ಕಷ್ಟ, ನಾಚಿಕೆ. ಆಟಕ್ಕೆ ಬೇರೆ ಪುಸ್ತಕ, ಕಟ್ಟಕ್ಕೆ ಬೇರೆ ಪುಸ್ತಕ. ಆಗ ಕೊಡುವವರಿಗೆ ಯಾವುದಕ್ಕೆ ಕೊಟ್ಟೆ ಅಂತ ತಿಳಿಯುತ್ತದೆ.

ತೋಡಿನಕರೆ

ಮಾಷ್ಟ್ರೇ, ಅಕ್ಕಾ, ತಮ್ಮಾ, ನಿಮಗೆಲ್ಲ ತುಂಬಾ ಉಪಕಾರ ಆಯಿತು. ನಿನ್ನೆ ಸಂಜೆ ಆ ಅಕ್ಕನ ಮನೆಗೆ ಹೋಗಿ ಬಂದೆ. ಎರಡು ಪುಸ್ತಕದ ಮಾತು ಅವರಿಗೆ ಒಪ್ಪಿಗೆ. ಆಟಕ್ಕೆ ಅಂತ ಎತ್ತಿದ್ದರಿಂದ ಉಳಿದ ದುಡ್ಡು ಆಟದ ಪುಸ್ತಕದಲ್ಲೇ ಇರಲಿ, ಅದನ್ನು ಕಟ್ಟಕ್ಕೆ ತೆಗೆಯುವುದಾದರೆ ಕೊಟ್ಟ ಮನೆಗಳನ್ನೆಲ್ಲ ಕೇಳಿ ತೆಗೆಯಿರಿ ಅಂದರು. ನನಗೂ ಅದೇ ಸರಿ ಅನಿಸಿತು. ನಮ್ಮಲ್ಲಿ 143 ರಶೀದಿ ಇದೆ. ಭಾನುವಾರದಿಂದ ಮನೆ ಮನೆ ಹೋಗುತ್ತೇವೆ. ದ್ವಾರ ಕೇಳಿದ ಹುಡುಗರಲ್ಲಿ ಇಬ್ಬರು ಜೊತೆಗೆ ಬರುತ್ತೇವೆ ಅಂದಿದ್ದಾರೆ.

ಬಾವಿ ಅಳೆದಾಯಿತು. ಹಗ್ಗಕ್ಕೆ ಗಂಟು ಹಾಕಿ ಅಂಗಡಿಯ ಮೊಳೆಗೆ ನೇತು ಹಾಕಿದ್ದೇನೆ.