ನೆಗ್ಗಿದ ತೋಟಾಗಳ ವಿಚಾರಣೆ

ಅರೆ-ಸ್ವಯಂಚಾಲಿತ ರೈಫಲ್ ಹೊಸದಾಗಿ ಕೈಗೆ ಬಂದವರಿಗೆ ಅಂಟುವ ಮೊದಲ ಕಾಯಿಲೆಯೆಂದರೆ, ಗುರಿಹಲಗೆಯನ್ನು ಬಿಟ್ಟು ನೆಲವನ್ನು ನೋಡುತ್ತ ನಿಲ್ಲುವುದು. ನಮ್ಮ ಗುಂಪಿನ ಇಂಜಿನಿಯರಿಗೆ ಇದು ಸ್ವಲ್ಪ ಜೋರಾಗಿಯೇ ಅಂಟಿತ್ತು. ತಮ್ಮ ಎಆರ್-15 ಮಾದರಿಯ ರೈಫಲ್ಲಿನಿಂದ ಹಾರಿಬಿದ್ದ ಖಾಲಿ ತೋಟಾಗಳನ್ನೆಲ್ಲ ಡಬ್ಬಿಯಲ್ಲಿ ತುಂಬಿಕೊಂಡು ಬಂದು, ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, "ಒಂದಾದರೂ ನೆಟ್ಟಗಿದೆಯೇ ನೋಡಿ. ಎಲ್ಲದರ ಹೊಟ್ಟೆಯೂ ನೆಗ್ಗಿದೆ, ಕೆಲವದರ ಬಾಯಿಯೂ ಸೊಟ್ಟಗಾಗಿದೆ. ನನ್ನ ರೈಫಲ್ಲಿಗೆ ಏನೋ ಆಗಿದೆ," ಎಂದರು.

ವಕೀಲರಿಗೆ ಇಷ್ಟು ಸಾಕಾಗಿತ್ತು. "ಆರೋಪಿ ಯಾರೆಂದು ಹುಡುಕುವ ಮೊದಲು ಘಟನೆ ನಡೆದ ಸ್ಥಳ ಯಾವುದೆಂದು ತೀರ್ಮಾನವಾಗಬೇಕು. ನೆಗ್ಗು ಬಿದ್ದದ್ದು ಚೇಂಬರಿನ, ಅಂದರೆ ನಳಿಗೆಯಲ್ಲಿ ತೋಟಾ ಕೂರುವ ಗೂಡಿನ, ಒಳಗೋ, ಹೊರಗೋ?" ಎಂದು ಕನ್ನಡಕ ಸರಿಪಡಿಸಿಕೊಂಡರು.

"ಒಳಗೆ ಬೀಳುವ ಪ್ರಶ್ನೆಯೇ ಇಲ್ಲ," ಎಂದರು ಲೋಹಶಾಸ್ತ್ರ ಕಲಿಸುವ ಮೇಷ್ಟ್ರು. "ಇದು ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು ಬೆರೆಸಿದ ಹಿತ್ತಾಳೆ. ಪಾಯಿಂಟ್ 223 ರೆಮಿಂಗ್ಟನ್ ಎಂಬ ಈ ತೋಟಾಕ್ಕೆ ಅಮೆರಿಕದ ತಯಾರಕರ ಸಂಸ್ಥೆ ಹಾಕಿರುವ ಗರಿಷ್ಠ ಮಿತಿ ಚದರ ಅಂಗುಲಕ್ಕೆ 55,000 ಪೌಂಡ್ ಒತ್ತಡ. ಕಾರಿನ ಟೈರಿನಲ್ಲಿರುವುದು ಮೂವತ್ತು ಚಿಲ್ಲರೆ ಪೌಂಡ್. ಗುಂಡು ಹಾರುವ ಕ್ಷಣದಲ್ಲಿ ತೋಟಾ ಉಬ್ಬಿ ಚೇಂಬರಿನ ಗೋಡೆಗೆ ಒತ್ತಿಕೊಳ್ಳುತ್ತದೆ, ಒತ್ತಡ ಇಳಿದ ಮೇಲೆ ಕೂದಲೆಳೆಯಷ್ಟು ಕುಗ್ಗಿ ಗೋಡೆಯನ್ನು ಬಿಟ್ಟುಕೊಡುತ್ತದೆ. ಒಳಗಿನಿಂದ ಅಷ್ಟು ಬಲವಾಗಿ ಒತ್ತಿಸಿಕೊಂಡ ಚಿಪ್ಪು ಅಲ್ಲಿಯೇ ಒಳಮುಖವಾಗಿ ನೆಗ್ಗುವುದಾದರೂ ಹೇಗೆ?"

ಅಷ್ಟರವರೆಗೆ ಸುಮ್ಮನಿದ್ದ ಕ್ಯಾಪ್ಟನ್ ಸಾಹೇಬರು ಕೆಮ್ಮಿದರು. ಅವರು ಕೆಮ್ಮಿದರೆಂದರೆ ಯಾರಾದರೊಬ್ಬರ ಸಿದ್ಧಾಂತಕ್ಕೆ ತೂತು ಬಿತ್ತೆಂದೇ ಲೆಕ್ಕ. "ಒತ್ತಡ ಪೂರ್ತಿ ಬಂದಾಗ ನಿಮ್ಮ ಮಾತು ನಿಜ, ಮೇಷ್ಟ್ರೇ. ಮನೆಯಲ್ಲಿ ಖಾಲಿ ತೋಟಾವನ್ನು ಮರುಭರ್ತಿ ಮಾಡುವಾಗ ಮದ್ದು ತೀರಾ ಕಡಿಮೆಯಾದರೆ, ತೋಟಾದ ಕತ್ತು ಸರಿಯಾಗಿ ಉಬ್ಬಿ ದಾರಿ ಮುಚ್ಚುವುದಿಲ್ಲ. ಅನಿಲ ಹೊರಗಿನಿಂದ ಹಿಂದಕ್ಕೆ ನುಸುಳಿ ಕತ್ತಿನ ಕೆಳಗಿನ ಇಳಿಜಾರನ್ನು, ಅಂದರೆ ಭುಜವನ್ನು, ಒಳಕ್ಕೆ ತಳ್ಳುತ್ತದೆ. ಅಂಥ ನೆಗ್ಗಿನಲ್ಲಿ ಮಸಿ ಇರುತ್ತದೆ. ಹೊರಗೆ ಏಟು ತಿಂದ ನೆಗ್ಗು ಚೊಕ್ಕಟವಾಗಿ ಹೊಳೆಯುತ್ತದೆ," ಎಂದು ಹೇಳಿ, ಸಾಲಿನಿಂದ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. ಭುಜದಿಂದ ಸ್ವಲ್ಪ ಕೆಳಗೆ, ಉಗುರಿನಿಂದ ಒತ್ತಿದಷ್ಟು ಅಗಲದ ಒಂದು ತಗ್ಗು, ಅದರ ಒಂದು ಅಂಚಿನಲ್ಲಿ ಕಪ್ಪು ಬಣ್ಣದ ಸಣ್ಣ ಗೀರು. ಮಸಿಯೇ ಇರಬೇಕೆಂದು ಇಂಜಿನಿಯರ್ ಎದೆ ಹಿಡಿದುಕೊಂಡರು. ಕ್ಯಾಪ್ಟನ್ ಅದನ್ನು ಉಗುರಿನಿಂದ ಕೆರೆದು, "ಇದು ರೈಫಲ್ಲಿನ ಬಣ್ಣ," ಎಂದರು.

ಹೀಗೆ ಘಟನೆ ನಡೆದ ಸ್ಥಳ ಪತ್ತೆಯಾಯಿತು. ಎಆರ್ ಮಾದರಿಯಲ್ಲಿ ಎಕ್ಸ್‌ಟ್ರಾಕ್ಟರಿನ ಕೊಕ್ಕೆ ತೋಟಾದ ಬುಡವನ್ನು ಬಲಗಡೆ ಹಿಡಿದಿರುತ್ತದೆ, ಚೇಂಬರಿನ ಹಿಂಬದಿಯನ್ನು ಮುಚ್ಚುವ ಬೋಲ್ಟಿನ ಮುಖದಲ್ಲಿರುವ ಸ್ಪ್ರಿಂಗ್ ಎಜೆಕ್ಟರ್ ಅದೇ ಬುಡದ ಎಡ ಅಂಚನ್ನು ಮುಂದಕ್ಕೆ ತಳ್ಳುತ್ತಿರುತ್ತದೆ. ಬೋಲ್ಟ್ ಹಿಂದೆ ಸರಿದು ತೋಟಾದ ಬಾಯಿ, ಖಾಲಿ ತೋಟಾ ಹೊರಬೀಳುವ ಕಿಂಡಿಯ ಮುಂದಿನ ಅಂಚನ್ನು ದಾಟಿದ ಕೂಡಲೇ ಅದು ಕೊಕ್ಕೆಯ ಸುತ್ತ ತಿರುಗಿ ಬಲಕ್ಕೆ ಚಿಮ್ಮುತ್ತದೆ. ಕಿಂಡಿಯ ಹಿಂಬದಿಯಲ್ಲಿ ಒಂದು ಗಟ್ಟಿ ಗುಬುಟು ಇದೆಯಲ್ಲ, ಅದಕ್ಕೆ ತೋಟಾದ ಹೊಟ್ಟೆ ಬಡಿದು ಹೊರಬೀಳುತ್ತದೆ. ಎಡಗೈಯಲ್ಲಿ ಗುಂಡು ಹಾರಿಸುವವರ ಮುಖಕ್ಕೆ ಬಿಸಿ ಹಿತ್ತಾಳೆ ಬಡಿಯದಿರಲೆಂದು 1980ರ ದಶಕದಲ್ಲಿ ಅಮೆರಿಕದ ಸೈನ್ಯದ ಎಂ16ಎ2 ರೈಫಲ್ಲಿನಲ್ಲಿ ಕೊಟ್ಟ ವ್ಯವಸ್ಥೆ ಅದು. ಬುಡದ ಕಡೆ ಹಿತ್ತಾಳೆ ದಪ್ಪ, ಬಾಯಿಯ ಬಳಿ ಮಿಲಿಮೀಟರಿನ ಮೂರನೇ ಒಂದು ಪಾಲಿನಷ್ಟು ಮಾತ್ರ. ಆದ್ದರಿಂದ ಏಟು ತಿಂದರೂ ಬುಡ ನೆಟ್ಟಗಿರುತ್ತದೆ, ಹೊಟ್ಟೆ ಮತ್ತು ಬಾಯಿ ದಂಡ ತೆರುತ್ತವೆ.

"ಅಂದರೆ," ಎಂದರು ವಕೀಲರು ಬಹಳ ಸಂತೋಷದಿಂದ, "ಎಡಗೈಯವರ ಕೆನ್ನೆಯನ್ನು ಉಳಿಸಲು ಬಲಗೈಯವರ ಹಿತ್ತಾಳೆಯನ್ನು ಬಲಿ ಕೊಡಲಾಗಿದೆ. ಇದರಲ್ಲಿ ಒಂದು ಮೊಕದ್ದಮೆ ಇದೆ."

"ನಿಮಗೆ ಮೊಕದ್ದಮೆ ಕಾಣದ ಜಾಗವೇ ಇಲ್ಲ. ಆ ಗುಬುಟು ಇಲ್ಲದ ರೈಫಲ್ಲುಗಳೇನು ಸಾಧುಗಳೇ? ಪಶ್ಚಿಮ ಜರ್ಮನಿಯ ಸೈನ್ಯ 1959ರಲ್ಲಿ ತೆಗೆದುಕೊಂಡ ಜಿ3ಯನ್ನು ನೋಡಿ," ಎಂದು ಕ್ಯಾಪ್ಟನ್ ಹಳೆಯ ಪ್ರೇಮದ ಕಡೆಗೆ ಹೊರಳಿದರು. ಅದರ ಚೇಂಬರಿನಲ್ಲಿ ಉದ್ದುದ್ದ ಗೀರುಗಾಲುವೆಗಳಿವೆ. ಬೋಲ್ಟ್ ಬೇಗ ಹಿಂದೆ ಸರಿಯುವುದರಿಂದ ತೋಟಾ ಗೋಡೆಗೆ ಕಚ್ಚಿಕೊಳ್ಳಬಾರದೆಂದು ಅವುಗಳೊಳಗೆ ಅನಿಲ ಹರಿಸಿ ಅದನ್ನು ಸಡಿಲಗೊಳಿಸುತ್ತಾರೆ. ಹೊರಬಂದ ತೋಟಾದ ಮೈಮೇಲೆಲ್ಲ ಕಪ್ಪು ಪಟ್ಟೆ, ಹೊಟ್ಟೆಯಲ್ಲಿ ಆಳವಾದ ನೆಗ್ಗು, ಹೋಗಿ ಬೀಳುವುದೋ ಬಹು ದೂರ. ಕಿಂಡಿಯ ಅಂಚಿಗೆ ರಬ್ಬರಿನ ತುಂಡು ಸಿಕ್ಕಿಸದೆ ಆ ಹಿತ್ತಾಳೆಯನ್ನು ಮರುಬಳಸುವ ಆಸೆಯನ್ನೇ ಅನೇಕರು ಇಟ್ಟುಕೊಳ್ಳುವುದಿಲ್ಲ. "ಸೈನ್ಯಕ್ಕೆ ಬೇಕಾದದ್ದು ಮುಂದಿನ ತೋಟಾ ತಪ್ಪದೆ ಒಳಗೆ ಹೋಗುವುದು. ಹಿಂದಿನದು ಯಾವ ಆಕಾರದಲ್ಲಿ ಹೋಯಿತೆಂದು ಕೇಳುವವರು ನಿಮ್ಮಂಥ ಜಿಪುಣರು ಮಾತ್ರ."

ಇಂಜಿನಿಯರಿಗೆ ಇದು ಚುಚ್ಚಿತು. ಎಜೆಕ್ಟರಿನ ಸ್ಪ್ರಿಂಗಿನಿಂದ ಒಂದೆರಡು ಸುತ್ತು ಕತ್ತರಿಸಿಬಿಟ್ಟರೆ ತೋಟಾ ಮೆತ್ತಗೆ ಹಾರುತ್ತದೆಂದು ತಾವು ಓದಿದ್ದಾಗಿ ಹೇಳಿದರು. ಕ್ಯಾಪ್ಟನ್ ಎರಡನೆಯ ಸಲ ಕೆಮ್ಮಿದರು. ದುರ್ಬಲವಾದ ಎಜೆಕ್ಟರ್ ತೋಟಾವನ್ನು ಹೊರಗೆಸೆಯದೆ ಕಿಂಡಿಯಲ್ಲಿಯೇ ಸಿಕ್ಕಿಹಾಕಿಸುತ್ತದೆ. ಆಗ ನೆಗ್ಗುವುದು ತೋಟಾ ಮಾತ್ರವಲ್ಲ, ಮಾಲೀಕರ ಮುಖವೂ ಹೌದು. ಸ್ಪ್ರಿಂಗಿಗೆ ಕೈಹಾಕುವ ಮೊದಲು ತೋಟಾ ಯಾವ ದಿಕ್ಕಿಗೆ ಬೀಳುತ್ತಿದೆಯೆಂದು ನೋಡಬೇಕೆಂಬುದು ಅವರ ವಾದ: ನಳಿಗೆಯ ದಿಕ್ಕನ್ನು ಗಡಿಯಾರದ ಹನ್ನೆರಡೆಂದು ಇಟ್ಟುಕೊಂಡರೆ ಮೂರರಿಂದ ನಾಲ್ಕೂವರೆಯೊಳಗೆ ಬೀಳುವುದು ಆರೋಗ್ಯದ ಲಕ್ಷಣ, ಒಂದು, ಎರಡರ ಕಡೆಗೆ ಮುಂದಕ್ಕೆ ಪುಟಿಯುತ್ತಿದ್ದರೆ ಬೋಲ್ಟನ್ನು ಹಿಂದಕ್ಕೆ ದೂಡುವ ಅನಿಲ ಹೆಚ್ಚಾಗಿ ಸಿಗುತ್ತಿರಬಹುದು. ಆಗ ಬೋಲ್ಟಿನ ಹಿಂದಿನ ಓಟವನ್ನು ನಿಧಾನಗೊಳಿಸುವ ಭಾರದ ಬಫರ್ ಹಾಕುವುದೋ, ಅನಿಲ ತಗ್ಗಿಸುವ ಗ್ಯಾಸ್ ಬ್ಲಾಕ್ ಕೂರಿಸುವುದೋ ಸರಿಯಾದ ದಾರಿ. ನೆಗ್ಗಿಗಿಂತ ಮುಖ್ಯವಾಗಿ ನೋಡಬೇಕಾದದ್ದು ಬುಡದ ಅಂಚನ್ನು. ಅಲ್ಲಿ ಕೊಕ್ಕೆ ಎಳೆದು ಹರಿದ ಗುರುತಿದ್ದರೆ ಚಿಂತಿಸಬಹುದು.

ಇಂಜಿನಿಯರ್ ಒಂದೊಂದನ್ನೂ ತಿರುಗಿಸಿ ನೋಡಿದರು. ಅಂಚುಗಳೆಲ್ಲ ಸರಿಯಾಗಿದ್ದವು. ಅವರಿಗೆ ಸ್ವಲ್ಪ ನಿರಾಸೆಯಾದಂತೆಯೇ ಕಂಡಿತು.

"ಹಾಗಾದರೆ ಇವನ್ನು ಎಸೆಯಬೇಕೇ?" ಎಂಬ ಪ್ರಶ್ನೆಗೆ ಮೇಷ್ಟ್ರು ಕಳೆದುಕೊಂಡ ಮರ್ಯಾದೆಯನ್ನು ಮರಳಿ ಪಡೆಯುವಂತೆ ಉತ್ತರಿಸಿದರು. ದುಂಡಗಿನ, ನಯವಾದ ನೆಗ್ಗಿಗೆ ಹೆದರಬೇಕಾಗಿಲ್ಲ. ಮುಂದಿನ ಗುಂಡು ಹಾರಿದಾಗ ಅದೇ ಒತ್ತಡ ಅದನ್ನು ಒಳಗಿನಿಂದ ತಳ್ಳಿ ಸಪಾಟು ಮಾಡುತ್ತದೆ. ಸೊಟ್ಟಬಾಯಿಯನ್ನು ಮೊನಚಾದ ಇಕ್ಕಳದಿಂದ ಸ್ವಲ್ಪ ದುಂಡಗೆ ಮಾಡಿಕೊಂಡು, ತೋಟಾವನ್ನು ಮತ್ತೆ ಅಳತೆಗೆ ತರುವ ಅಚ್ಚಾದ ಡೈಗೆ ಕೊಟ್ಟರೆ ಉಳಿದ ಕೆಲಸವನ್ನು ಡೈಯೇ ಮುಗಿಸುತ್ತದೆ. ಚೂಪಾಗಿ ಮಡಿಚಿಕೊಂಡ ಗೆರೆಯಾಗಲಿ ಬಿರುಕಾಗಲಿ ಇದ್ದರೆ ಮಾತ್ರ ಗುಜರಿಗೆ. "ಹಿತ್ತಾಳೆ ಬಗ್ಗಿದಷ್ಟೂ ಗಡುಸಾಗುತ್ತದೆ, ಗಡುಸಾದದ್ದು ಸೀಳುತ್ತದೆ," ಎಂದು ಸೇರಿಸಿದರು.

ಇಷ್ಟರಲ್ಲಿ ಕ್ಯಾಪ್ಟನ್ ಸೊಟ್ಟಬಾಯಿಯವುಗಳನ್ನು ಬೇರೆಯೇ ಒಂದು ಸಾಲು ಮಾಡಿ, ಒಂದರ ಬಾಯಿಯೊಳಗೆ ಅಂಟಿದ್ದ ಮಣ್ಣನ್ನು ಕಡ್ಡಿಯಿಂದ ಕೆದಕುತ್ತಿದ್ದರು. "ಇಂಜಿನಿಯರೇ, ಹಾರಿಸಿದ ಮೇಲೆ ನೀವು ಎಲ್ಲಿ ಓಡಾಡುತ್ತೀರಿ?"

"ಬಲಗಡೆ. ತೋಟಾ ಆರಿಸಲು."

"ಬೂಟು ಹಾಕಿಕೊಂಡೇ?"

ಮೇಜಿನ ಸುತ್ತ ಯಾರೂ ಉಸಿರೆತ್ತಲಿಲ್ಲ. ಬಾಯಿ ಚಪ್ಪಟೆಯಾದ ತೋಟಾಗಳಲ್ಲಿ ಬಹುಪಾಲಿಗೆ ಕಾರಣ ರೈಫಲ್ ಅಲ್ಲ, ಮಾಲೀಕರ ಪಾದಸೇವೆ ಎಂಬುದನ್ನು ವಕೀಲರು ಕೂಡಲೇ ದಾಖಲಿಸಿಕೊಂಡು, ದೂರುದಾರರೇ ಆರೋಪಿಯಾದ ಪ್ರಕರಣ ತಮಗೆ ಬಹಳ ಇಷ್ಟವೆಂದು ಘೋಷಿಸಿದರು. ನೆಲ ಮುಟ್ಟುವ ಮೊದಲೇ ತೋಟಾ ಹಿಡಿಯುವ ಬಲೆಚೀಲವನ್ನು ಕಿಂಡಿಯ ಪಕ್ಕ ಕಟ್ಟಿದರೆ ರೈಫಲ್ಲಿನ ಏಟು ಯಾವುದು, ಬೂಟಿನ ಏಟು ಯಾವುದು ಎಂಬುದು ತಾನಾಗಿ ಗೊತ್ತಾಗುತ್ತದೆಂದು ಕ್ಯಾಪ್ಟನ್ ಹೇಳಿದರು. ಇಂಜಿನಿಯರಿಗೆ ಚೀಲದ ಮೇಲೆ ನಂಬಿಕೆ ಬರಲಿಲ್ಲ. ಅವರು ಗುಬುಟಿನ ಮೇಲೆ ವೆಲ್ಕ್ರೋದ ಮೆತ್ತನೆಯ ತುಂಡೊಂದನ್ನು ಅಂಟಿಸಿದರು. ಬಹಳ ಜನ ಮಾಡುವ ಉಪಾಯವೇ ಅದು, ಕೆಲಸವನ್ನೂ ಮಾಡುತ್ತದೆ.

ಈಗ ಅವರ ತೋಟಾಗಳ ಹೊಟ್ಟೆ ನೆಗ್ಗುವುದಿಲ್ಲ. ಪುಟಿತ ಕಡಿಮೆಯಾಗಿ ಅವು ಹಿಂಬದಿಗೆ ಸರಿದು ಬೀಳುತ್ತವೆ; ಮೊನ್ನೆ ಒಂದು ನೇರವಾಗಿ ಬಲಗಡೆ ಹಿಂದೆ ನಿಂತಿದ್ದ ಮೇಷ್ಟ್ರ ಕಾಲರಿನೊಳಗೆ ಇಳಿಯಿತು. ಹಿತ್ತಾಳೆ ಎಷ್ಟು ಹೊತ್ತು ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬ ವಿಷಯದಲ್ಲಿ ಅವರು ಅಂದು ಆಡಿದ ಮಾತುಗಳಲ್ಲಿ ಲೋಹಶಾಸ್ತ್ರದ ಪಾಲು ತೀರಾ ಕಡಿಮೆ ಇತ್ತು.